ಹಿಂದಿನ ಎರಡು ಸ್ಪೀಕರ್

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಳಿದು ಎಡಕ್ಕೆ ಹೋದರೆ ಕೊನೆಯ ಕೋಣೆ ಅವಳದು. ದಪ್ಪ ಬಾಗಿಲು, ಅದರೊಳಗೆ ಇನ್ನೊಂದು ದಪ್ಪ ಬಾಗಿಲು, ಗಾಜಿನ ಸಣ್ಣ ಕಿಟಕಿಯ ಆಚೆ ಒಬ್ಬರು ಮಾತ್ರ ಕೂರಬಹುದಾದ ಗೂಡು. ಅಲ್ಲಿ ಕೂತವರ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಕೈಗೊಂದು ಗುಂಡಿ ಕೊಟ್ಟು, "ಸದ್ದು ಕೇಳಿಸಿದ್ರೆ ಒತ್ತಿ, ಇಲ್ದಿದ್ರೆ ಸುಮ್ನಿರಿ. ನನ್ನ ಮುಖ ನೋಡ್ಕೊಂಡು ಒತ್ಬೇಡಿ" ಎಂದು ಹೇಳುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಕಿವಿ ಮೇಡಂ.

ಒಂದು ಬೆಳಿಗ್ಗೆ ಆ ಗೂಡಿಗೆ ಬಂದು ಕೂತವರು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಸ್ಪೀಕರು, ಪ್ಲೇಯರು ಮಾರುವ ಅಂಗಡಿಯ ಯಜಮಾನರು. ಅರವತ್ತು ದಾಟಿದ ಮನುಷ್ಯ. "ದಿನವಿಡೀ ಜೋರು ಸದ್ದಲ್ಲೇ ಇರ್ತೀನಿ ಮೇಡಂ. ಈಚೆಗೆ ಮನೆಯಾಕೆ ಮಾತು ಕೇಳಿಸ್ತಾ ಇಲ್ಲ" ಎಂದು ಅಳುಕಿನಿಂದಲೇ ಹೇಳಿಕೊಂಡರು. ಪರೀಕ್ಷೆ ಮುಗಿದ ಮೇಲೆ ಅವಳು ಕಾಗದದ ಮೇಲಿನ ಗೆರೆಯನ್ನು ಅವರತ್ತ ತಿರುಗಿಸಿದಳು.

"ಎಡಗಿವಿ ಸ್ವಲ್ಪ ಮಂದ ಆಗಿದೆ. ಆದ್ರೆ ಮನೆಯವರ ಮಾತು ಕೇಳೋದಕ್ಕೆ ಏನೂ ತೊಂದರೆ ಇಲ್ಲ ಸರ್. ಅದಕ್ಕೆ ಬೇರೆ ಕಾರಣ ಹುಡುಕ್ಕೋಬೇಕು ನೀವು."

ಅವರು ಗಟ್ಟಿಯಾಗಿ ನಕ್ಕರು. ಹೊರಡುವ ಮುಂಚೆ ಹಾಗೇ ಮಾತಿಗೆ, "ನಿಮ್ಮಂಥ ಕಿವಿ ಇರೋರು ಒಂದು ದಿನ ನಮ್ಮ ಅಂಗಡಿಗೆ ಬರ್ಬೇಕು. ಒಳಗಡೆ ಒಂದು ರೂಮ್ ಮಾಡಿದೀನಿ, ಸುತ್ತ ಸ್ಪೀಕರ್. ಇನ್ನೇನು ಡಿಸ್ಕ್ ಪ್ಲೇಯರ್ ಇಡೋದೇ ನಿಲ್ಲಿಸಿಬಿಡ್ತೀನಿ. ಕೇಳೋರಿಲ್ಲ, ಮಾಡೋರೂ ಇಲ್ಲ" ಎಂದರು.

ಅವಳು ಪೆನ್ನು ಕೆಳಗಿಟ್ಟಳು. "ನನ್ನ ಹತ್ರ ಒಂದು ಡಿಸ್ಕ್ ಇದೆ ಸರ್. ಹೈ ರೆಸಲ್ಯೂಶನ್, ಸರೌಂಡ್‌ದು. ಹದಿನಾರು ವರ್ಷ ಆಯ್ತು, ಪೂರ್ತಿ ಕೇಳೋಕೆ ಆಗಿಲ್ಲ. ಅದನ್ನ ಸರಿಯಾಗಿ ನುಡಿಸೋ ಪ್ಲೇಯರ್ ಇನ್ನೂ ಬಂದಿಲ್ಲ ಅಂತಾರೆ."

"ಬಂದಿಲ್ವಾ?" ಯಜಮಾನರ ಹುಬ್ಬು ಮೇಲೆ ಹೋಯಿತು. "ಹದಿನಾರು ವರ್ಷದ ಹಿಂದೇನೇ ನಾನು ಮಾರಿದೀನಿ ಮೇಡಂ. ಯಾರು ಹೇಳಿದ್ದು ನಿಮಗೆ?"

ಹೇಳಿದ್ದು ಅವಳ ಅಣ್ಣ.

ಅಣ್ಣ ಧ್ವನಿಮುದ್ರಣದವನು. ಊರಿನ ಆ ತುದಿಯಲ್ಲಿ ಅವನದೇ ಸ್ಟುಡಿಯೋ ಇದೆ. ಇವಳು ಸದ್ದು ಕೇಳಿಸುತ್ತದೋ ಇಲ್ಲವೋ ಎಂದು ನೋಡುವವಳು, ಅವನು ಸದ್ದನ್ನು ಹಿಡಿದಿಡುವವನು. "ನನ್ನ ಮಕ್ಕಳಿಬ್ಬರೂ ಕಿವಿ ಹಿಡ್ಕೊಂಡೇ ಅನ್ನ ತಿಂತಾರೆ" ಎಂದು ಅಪ್ಪ ಹೇಳಿ ಹೇಳಿ ನಗುತ್ತಿದ್ದರು. ಅಪ್ಪ ಊರಿನ ದೊಡ್ಡ ಸಂಗೀತ ಸಭಾಂಗಣವನ್ನು ಕಾಯುತ್ತಿದ್ದವರು. ಬಾಗಿಲು ತೆಗೆಯುವುದು, ಕುರ್ಚಿ ಒರೆಸುವುದು, ದೀಪ ಆರಿಸುವುದು ಎಲ್ಲ ಅವರೇ. ಹಾಲ್ ನೋಡಿಕೊಳ್ಳುವ ಅಪ್ಪ ಎಂದು ಹಾಡುವವರೆಲ್ಲ ಸೇರಿ ಅವರನ್ನು ಹಾಲಪ್ಪ ಎಂದು ಕರೆದು, ಕೊನೆಗೆ ನಿಜವಾದ ಹೆಸರೇ ಯಾರಿಗೂ ನೆನಪಿಲ್ಲದ ಹಾಗೆ ಆಗಿತ್ತು.

ಮೂವತ್ತು ವರ್ಷ ಕಾಲ ಹಾಲಿನ ಹಿಂದಿನ ಸಾಲಿನಲ್ಲಿ ನಿಂತು ತಾಲೀಮು ಕೇಳಿದ ಅಪ್ಪನಿಗೆ ಎಲ್ಲರ ಪಾಲಿನ ಹಾಡೂ ಬಾಯಿಪಾಠ. ಹದಿನಾರು ವರ್ಷದ ಹಿಂದೆ ಒಂದು ದೊಡ್ಡ ತಂಡ ಆ ಹಾಲಿನಲ್ಲಿ ಒಂದು ಹೊಸ ಕೃತಿಯನ್ನು ಮುದ್ರಿಸಿಕೊಳ್ಳಲು ಬಂದು ತಿಂಗಳಿಡೀ ಅಲ್ಲೇ ತಾಲೀಮು ಮಾಡಿತು. ಕೋಟೆಯೊಂದರ ಕಥೆ. ವೇದಿಕೆಯ ಮೇಲಿಂದ ಎಪ್ಪತ್ತು ಜನ ಒಟ್ಟಿಗೆ "ಅಲ್ಲಿ ಯಾರಿದ್ದೀರಿ?" ಎಂದು ಹಾಡಿ ಕೇಳುತ್ತಾರೆ. ಆಗ ಹಾಲಿನ ಹಿಂದುಗಡೆ ಬಾಲ್ಕನಿಯಿಂದ ಕೋಟೆಯ ಕಾವಲುಗಾರ ಒಬ್ಬನೇ "ನಾನಿದ್ದೇನೆ, ಸುಖವಾಗಿ ನಿದ್ರಿಸಿ" ಎಂದು ಉತ್ತರಿಸಬೇಕು. ಮುದ್ರಣದ ಹೊಣೆ ಅಣ್ಣನದು. ಕೇಳುವವರ ಸುತ್ತ ಆರು ಕಡೆಯಿಂದ ಸದ್ದು ಬರುವಂಥ ಡಿಸ್ಕ್ ಅವನು ಮಾಡುತ್ತಿದ್ದದ್ದು ಅದೇ ಮೊದಲು. ಮುದ್ರಣದ ದಿನ ಕಾವಲುಗಾರನ ಪಾಲು ಹಾಡಬೇಕಿದ್ದ ಗಾಯಕನಿಗೆ ಗಂಟಲು ಕಟ್ಟಿತು. ತಂಡದ ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕೂತಾಗ ಯಾರೋ ತಮಾಷೆಗೆ, "ಹಾಲಪ್ಪನವರಿಗೆ ಬರುತ್ತಲ್ಲ!" ಎಂದರು. ಅಪ್ಪ ಬೀಗದ ಕೈಗೊಂಚಲನ್ನು ಕುರ್ಚಿಯ ಮೇಲಿಟ್ಟು ಬಾಲ್ಕನಿ ಹತ್ತಿದರು. ಐದು ಸಲ ಹಾಡಿದರು.

ಆ ಸಂಜೆ ಮನೆಗೆ ಬಂದ ಅಪ್ಪನ ಮುಖ ಅವಳಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಲ್ಲಿ ಚಪ್ಪಲಿ ಬಿಟ್ಟರು ಎನ್ನುವುದೂ ಗೊತ್ತಿಲ್ಲದೆ ಬರಿಗಾಲಲ್ಲಿ ಬಂದಿದ್ದರು.

ಎಂಟು ತಿಂಗಳ ಮೇಲೆ ಡಿಸ್ಕ್ ಬಂತು. ಮನೆಯ ಹಳೇ ಪ್ಲೇಯರಿನಲ್ಲಿ ಹಾಕಿದರು. "ಅಲ್ಲಿ ಯಾರಿದ್ದೀರಿ?" ಎಂದು ಎಪ್ಪತ್ತು ಜನ ಕೇಳಿದ್ದು ಕೇಳಿಸಿತು. ಉತ್ತರ ಬರಬೇಕಾದ ಕಡೆ ಎಲ್ಲೋ ಬಾವಿಯ ತಳದಲ್ಲಿ ಗೊಣಗಿದಂತೆ ಏನೋ ಇತ್ತು, ಅಷ್ಟೆ.

"ನಂದು ಎಲ್ಲೋ ಮಗಾ?" ಎಂದರು ಅಪ್ಪ, ಸ್ಪೀಕರಿಗೆ ಕಿವಿ ಹಚ್ಚಿ.

"ನಿಮ್ಮದು ಹಿಂದಿನ ಸ್ಪೀಕರಲ್ಲಿದೆ ಅಪ್ಪಾ. ಇದರಲ್ಲಿ ಮುಂದಿನ ಎರಡು ಮಾತ್ರ ಬರುತ್ತೆ. ಈ ಡಿಸ್ಕಲ್ಲಿ ಎರಡು ಪದರ. ಮೇಲಿಂದು ಸಾದಾ, ಯಾವ ಪ್ಲೇಯರ್ ಆದ್ರೂ ಓದುತ್ತೆ. ನೀವಿರೋದು ಇನ್ನೊಂದರಲ್ಲಿ. ಅದನ್ನ ಓದೋ ಪ್ಲೇಯರ್ ಬರ್ಲಿ, ನಾನೇ ತಂದ್ಕೊಡ್ತೀನಿ."

ಅಪ್ಪ ಅದನ್ನು ದೊಡ್ಡ ಗೌರವ ಎಂದುಕೊಂಡರು. ಸಿಕ್ಕವರಿಗೆಲ್ಲ "ನಾನು ಒಳಪದರದಲ್ಲಿದೀನಿ" ಎಂದು ಹೇಳಿಕೊಂಡು ಓಡಾಡಿದರು. ಎರಡು ವರ್ಷ ಕಾದರು. ಆಮೇಲೆ ಒಂದು ಮಧ್ಯಾಹ್ನ ಹಾಲಿನ ಮೂರನೇ ಸಾಲಿನ ಕುರ್ಚಿ ಒರೆಸುತ್ತಿದ್ದವರು ಅದೇ ಕುರ್ಚಿಯಲ್ಲಿ ಕೂತು ಹೋಗಿಬಿಟ್ಟರು.

ಅಂದಿನಿಂದ ಪ್ಲೇಯರ್ ಕೊಳ್ಳುವ ಆಸೆ ಅವಳದಾಯಿತು. ಎರಡು ಮೂರು ವರ್ಷಕ್ಕೊಮ್ಮೆ ಅಣ್ಣನಿಗೆ ಫೋನ್ ಮಾಡುವಳು. ಅವನು ಒಂದು ಸಲ, "ಆ ಮಾಡೆಲ್ ಬೇಡ ಪುಟ್ಟಿ, ಒಳಪದರ ಓದಲ್ಲ" ಎನ್ನುವನು. ಇನ್ನೊಂದು ಸಲ, "ಓದುತ್ತೆ, ಆದ್ರೆ ಆರು ಸ್ಪೀಕರಿಗೆ ಹಂಚಲ್ಲ." ಮತ್ತೊಂದು ಸಲ, "ಮುಂದಿನ ವರ್ಷ ಹೊಸದು ಬರುತ್ತಂತೆ, ತಡ್ಕೋ. ದುಡ್ಡು ಸುರಿದು ಆಮೇಲೆ ಅಳ್ಬೇಡ." ಅವನಿಗಿಂತ ತಿಳಿದವರು ಅವಳಿಗೆ ಯಾರಿದ್ದರು? ತಡೆದುಕೊಂಡಳು.

ಅಂಗಡಿಯವರ ಮಾತು ಕೇಳಿದ ಮೇಲೂ ಅವಳಿಗೆ ಅಣ್ಣನ ಮೇಲೆ ಸಂಶಯ ಬರಲಿಲ್ಲ. ಮಾರುವವರು ಹಾಗೇ ಹೇಳುತ್ತಾರೆ ಎಂದುಕೊಂಡಳು. ಆದರೂ ಆ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ಗಂಡನನ್ನೂ ಕರೆದುಕೊಂಡು, ಬಟ್ಟೆಯಲ್ಲಿ ಸುತ್ತಿದ ಡಿಸ್ಕನ್ನು ಬ್ಯಾಗಿನಲ್ಲಿಟ್ಟುಕೊಂಡು ಅಂಗಡಿಗೆ ಹೋದಳು. ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹಾಡು ಅವರಿಗೆ ಅಷ್ಟಕ್ಕಷ್ಟೆ.

"ಬೆಲೆ ವಿಷಯ ನಾನು ಮಾತಾಡ್ತೀನಿ, ಸದ್ದಿನ ವಿಷಯ ನೀನು ನೋಡ್ಕೋ" ಎಂದು ದಾರಿಯಲ್ಲೇ ಒಪ್ಪಂದ ಮಾಡಿಕೊಂಡಿದ್ದರು.

ಒಳಗಿನ ಕೋಣೆಯ ಗೋಡೆಗಳಿಗೆಲ್ಲ ದಪ್ಪ ಬಟ್ಟೆ ಹೊದಿಸಿತ್ತು. ಮುಂದೆ ಮೂರು ಸ್ಪೀಕರು, ನೆಲದ ಮೇಲೆ ಮರದ ಪೆಟ್ಟಿಗೆಯಂಥದ್ದೊಂದು, ಕುರ್ಚಿಯ ಹಿಂದೆ ಎಡಕ್ಕೊಂದು ಬಲಕ್ಕೊಂದು. ಯಜಮಾನರು ಒಂದೇ ಕುರ್ಚಿ ಇಟ್ಟಿದ್ದರು. "ಎಲ್ಲ ಸದ್ದೂ ಸರಿಯಾಗಿ ಬಂದು ಸೇರೋ ಜಾಗ ಒಂದೇ ಮೇಡಂ. ಸರ್ ನಿಂತ್ಕೋಬೇಕಾಗುತ್ತೆ."

"ನಮ್ಮನೇಲೂ ಹೀಗೇನೇ" ಎಂದರು ಮೇಷ್ಟ್ರು.

ಮೊದಲನೆಯ ಪ್ಲೇಯರ್ ನೋಡಲು ಚೆನ್ನಾಗಿತ್ತು. ಡಿಸ್ಕ್ ಒಳಗೆ ಹೋಯಿತು. ಮುಂದಿನ ಎರಡು ಸ್ಪೀಕರು ಮಾತ್ರ ನುಡಿದವು. "ಸಿನಿಮಾ ಡಿಸ್ಕಾದ್ರೆ ಇದು ಆರಕ್ಕೂ ಹಂಚುತ್ತೆ. ನಿಮ್ಮ ಡಿಸ್ಕಿನ ಒಳಪದರ ಇದಕ್ಕೆ ಕಾಣಲ್ಲ" ಎಂದು ಯಜಮಾನರು ಅದನ್ನು ಪಕ್ಕಕ್ಕೆ ಸರಿಸಿದರು. ಎರಡನೆಯದು ಒಳಪದರ ಓದಿತು. ಸದ್ದು ತಿಳಿಯಾಯಿತು, ತಂತಿಯ ಮೇಲೆ ಬೆರಳು ಜಾರುವುದೂ ಕೇಳಿಸಿತು. ಆದರೆ ಹಿಂದಿನ ಎರಡು ಬಾಯಿ ಬಿಡಲಿಲ್ಲ. ಯಜಮಾನರು ಬಗ್ಗಿ ಹಿಂಭಾಗ ನೋಡಿದರು. "ಇದರಿಂದ ಆಂಪ್ಲಿಫೈಯರಿಗೆ ಹೋಗೋದು ಬೆಳಕಿನ ತಂತಿ. ಈ ಥರದ ಡಿಸ್ಕಿನ ಆರು ಸದ್ದು ಆ ಸಂದೀಲಿ ತೂರಲ್ಲ."

ಅಣ್ಣ ಹೇಳಿದ್ದು ಇದನ್ನೇ ಅಲ್ಲವೇ! ಅವಳಿಗೆ ಒಳಗೊಳಗೇ ಸಮಾಧಾನವಾಯಿತು. ಅವನು ಸುಳ್ಳು ಹೇಳುವವನಲ್ಲ.

ಮೂರನೆಯದು ಅಗಲವಾದ, ಭಾರವಾದ ಕಪ್ಪು ಪೆಟ್ಟಿಗೆ. ಯಜಮಾನರು ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದರು. "ಇದು ನಾಲ್ಕು ವರ್ಷದಿಂದ ಕಪಾಟಲ್ಲೇ ಇದೆ. ಇದರ ಅಣ್ಣಂದಿರನ್ನ ಹತ್ತು ವರ್ಷದ ಹಿಂದೆ ಎಷ್ಟೋ ಮಾರಿದೀನಿ." ಡಿಸ್ಕ್ ಹಾಕಿದರು. ಆಂಪ್ಲಿಫೈಯರಿನ ಮುಖದ ಮೇಲೆ ಆರು ಪುಟ್ಟ ದೀಪ ಒಟ್ಟಿಗೆ ಹೊತ್ತಿಕೊಂಡವು.

ಹಾಡು ಇನ್ನೂ ಶುರುವಾಗಿರಲಿಲ್ಲ. ಅವಳ ಬೆನ್ನ ಹಿಂದೆ ಹಾಲ್ ಎದ್ದು ನಿಂತಿತು. ಎತ್ತರದ ಛಾವಣಿಯ ಕೆಳಗಿನ ಆ ತಣ್ಣನೆಯ ಮೌನ, ಬಾಲ್ಕನಿಯ ಹಲಗೆಯ ಸಣ್ಣ ಕಿರುಗುಟ್ಟುವಿಕೆ. ಚಿಕ್ಕವಳಿದ್ದಾಗ ಆ ಹಲಗೆಗಳ ಮೇಲೆ ಕೂತು ಹೋಂವರ್ಕ್ ಮಾಡಿದವಳು ಅವಳು. ಅವಳ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು. ಹಾಡು ಶುರುವಾಗಿ ಇಪ್ಪತ್ತು ನಿಮಿಷ ಸಾಗಿತು. ಮೇಷ್ಟ್ರು ಕೂಡ ಬೆಲೆಯ ಚೀಟಿ ನೋಡುವುದನ್ನು ಬಿಟ್ಟು ಗೋಡೆಗೊರಗಿದ್ದರು.

ಎಪ್ಪತ್ತು ಜನ ಮುಂದಿನಿಂದ ಕೇಳಿದರು: ಅಲ್ಲಿ ಯಾರಿದ್ದೀರಿ?

ಅವಳು ಕಣ್ಣು ಮುಚ್ಚಿದಳು. ಹಿಂದಿನಿಂದ ಉತ್ತರ ಬಂತು. ತುಂಬಿದ, ದುಂಡಗಿನ, ಎಲ್ಲೂ ನಡುಗದ ಸ್ವರ. ಮೂವತ್ತರ ಒಳಗಿನ ಗಂಡಸಿನದು. ತುಂಬ ಚೆನ್ನಾಗಿತ್ತು.

"ಇದು ಸರಿಯಿಲ್ಲ" ಎಂದಳು ಅವಳು.

ಯಜಮಾನರು ನಿಲ್ಲಿಸಿದರು. "ಏನು ಸರಿಯಿಲ್ಲ ಮೇಡಂ?"

"ಪ್ಲೇಯರ್. ಹಿಂದಿನ ಸದ್ದನ್ನ ಬದಲಾಯಿಸ್ತಾ ಇದೆ. ಬೇರೆ ತೋರಿಸಿ."

ಯಜಮಾನರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ನೆಲ ನೋಡಿದರು. "ಪ್ಲೇಯರು ಸದ್ದನ್ನ ಕೆಡಿಸಬಹುದು, ತಿನ್ನಬಹುದು ಮೇಡಂ. ಒಬ್ಬರ ಗಂಟಲು ತೆಗೆದು ಇನ್ನೊಬ್ಬರ ಗಂಟಲು ಹಾಕಲ್ಲ" ಎಂದರು ಯಜಮಾನರು ಮೆಲ್ಲಗೆ.

"ಬೇರೆ ಇದ್ರೆ ತೋರಿಸಿ ಸರ್, ದಯವಿಟ್ಟು."

ಬೇರೆ ಇದ್ದದ್ದು ಯಜಮಾನರು ತಮಗೆಂದು ಒಳಗಿಟ್ಟುಕೊಂಡಿದ್ದ ಹಳೆಯದೊಂದು. ಅದರ ಬೆನ್ನಿಗೆ ಆರು ಬೇರೆ ಬೇರೆ ತಂತಿ, ಒಂದೊಂದು ಸ್ಪೀಕರಿನ ಪಾಲಿಗೆ ಒಂದೊಂದು. ಅದರಲ್ಲೂ ಅದೇ ಸ್ವರ. ಅವಳು ಎದ್ದು ನಿಂತು, "ಮುಂದಿನ ತಂತಿ ಎಲ್ಲ ಕಿತ್ತುಬಿಡಿ. ಹಿಂದಿನ ಎರಡೇ ಇರ್ಲಿ" ಎಂದಳು. ಯಜಮಾನರು ಕಿತ್ತರು. ಅವಳು ಹಿಂದಿನ ಎಡ ಸ್ಪೀಕರಿನ ಮುಂದೆ ಮಂಡಿಯೂರಿ, ಕಿವಿಯನ್ನು ಗೇಣು ದೂರದಲ್ಲಿಟ್ಟು ಕೂತಳು.

ಈಗ ಎಲ್ಲ ಬಿಚ್ಚಿಕೊಂಡಿತು. ಹಾಲಿನ ಗುಂಯ್‌ಗುಡುವಿಕೆ ಒಂದು ಕಡೆ, ಆ ಸ್ವರ ಇನ್ನೊಂದು ಕಡೆ. ಎರಡೂ ಕೂಡಿರಲಿಲ್ಲ. ಹಾಡಿದವನು ಉಸಿರೆಳೆದುಕೊಂಡದ್ದು ಮೈಕಿನ ತೀರ ಹತ್ತಿರ, ಯಾವುದೋ ಸಣ್ಣ ಕೋಣೆಯಲ್ಲಿ. ಅದರ ಮೇಲೆ ಮಷೀನಿನಿಂದ ಪ್ರತಿಧ್ವನಿ ಬಳಿದಿದ್ದರು. ಅಪ್ಪನಿಗೆ ಮುಂದಿನ ಒಂದು ಹಲ್ಲು ಇರಲಿಲ್ಲ. "ಸುಖವಾಗಿ" ಎಂದರೆ ಸಣ್ಣ ಸೀಟಿ ಹೊಡೆದ ಹಾಗಿರುತ್ತಿತ್ತು. ಸಾವಿರ ಜನರ ನಡುವೆಯೂ ಅವಳು ಅದನ್ನು ಗುರುತಿಸುತ್ತಿದ್ದಳು. ಇಲ್ಲಿ ಆ ಸೀಟಿ ಇಲ್ಲ, ಅಪ್ಪ ಇಲ್ಲ, ಅಪ್ಪ ಆ ಡಿಸ್ಕಿನ ಒಳಗೆ ಎಂದೂ ಇರಲೇ ಇಲ್ಲ.

ಮೇಷ್ಟ್ರು ಬಂದು ಅವಳ ಭುಜ ಮುಟ್ಟಿದರು. "ಏಳೇ."

"ಪ್ಲೇಯರ್ ಸರಿಯಾಗೇ ಇದೆ ಕಣ್ರೀ" ಎಂದಳು ಅವಳು.

ಅಣ್ಣನ ಸ್ಟುಡಿಯೋ ಹಳೆಯ ಗೋದಾಮಿನ ಹಿಂಬದಿಯಲ್ಲಿತ್ತು. ಹೊರಗೆ ಶೂ ಬಿಡುವ ಕಪಾಟು, ಒಳಗೆ ಕೆಂಪು ದೀಪ, ಮೇಜಿನ ಮೇಲೆ ನೂರಾರು ಗುಂಡಿ. ಅವನು ಯಾವುದೋ ಸಾಬೂನಿನ ಜಾಹೀರಾತಿಗೆ ನೀರು ಸುರಿಯುವ ಸದ್ದು ಹೊಂದಿಸುತ್ತಿದ್ದ. ತಂಗಿಯನ್ನು ಕಂಡು ಖುಷಿಯಿಂದಲೇ ಎದ್ದ. "ಏನ್ ಪುಟ್ಟಿ, ಇಬ್ರೂ ಒಟ್ಟಿಗೆ! ಬನ್ನಿ ಭಾವ."

ಅವಳು ಡಿಸ್ಕನ್ನು ಗುಂಡಿಗಳ ಮೇಲಿಟ್ಟಳು. "ಕೇಳಿಸ್ಕೊಂಡು ಬಂದೆ. ಆರು ಸ್ಪೀಕರಲ್ಲೂ."

ಅವನು ಡಿಸ್ಕನ್ನು ಎತ್ತಿ ಪಕ್ಕಕ್ಕಿಟ್ಟ. "ಯಾವ ಪ್ಲೇಯರಲ್ಲಿ ಕೇಳಿದೆ? ಕೆಲವು ಪ್ಲೇಯರ್ ಹಿಂದಿನ ಚಾನೆಲ್ ಸರಿಯಾಗಿ ತಗೊಳ್ಳಲ್ಲ ಪುಟ್ಟಿ, ಅದಕ್ಕೇ ನಾನು..."

"ನಾಲ್ಕು ಪ್ಲೇಯರಲ್ಲಿ ಕೇಳಿದೆ. ಮುಂದಿನ ತಂತಿ ಕೀಳಿಸಿ ಕೇಳಿದೆ." ಅವಳ ಸ್ವರ ಏರಲಿಲ್ಲ. "ಅಣ್ಣಾ, ನಾನು ದಿನಾ ಮಾಡೋ ಕೆಲಸ ಏನು ಅಂತ ಮರ್ತ್ಯಾ? ಬೇರೆಯವರ ಕಿವಿ ಮೇಲೆ ಹೂ ಇಡು. ನನ್ನ ಕಿವಿ ಮೇಲೂ ಇಟ್ಟೆಯಲ್ಲೋ?"

ಅವನು ಕುರ್ಚಿಯಲ್ಲಿ ಕೂತ. ಅಭ್ಯಾಸಬಲದಿಂದ ಕೈ ಚಾಚಿ ನೀರಿನ ಸದ್ದನ್ನು ತಗ್ಗಿಸಿದ. ಆಮೇಲೆ ಹೇಳಿದ. ಡಿಸ್ಕ್ ಹೊರತರುವ ಕಂಪನಿಯವರು ಅಪ್ಪನ ಹಾಡು ಕೇಳಿ, ಶ್ರುತಿ ಇಳಿದಿದೆ, ಮುದುಕನ ಸ್ವರ, ಇದಿದ್ದರೆ ಡಿಸ್ಕ್ ತರುವುದಿಲ್ಲ ಎಂದರು. ಅದು ಅವನ ಮೊದಲ ದೊಡ್ಡ ಕೆಲಸ. ಒಂದು ವಾರದಲ್ಲಿ ಬೇರೆ ಗಾಯಕನನ್ನು ಕರೆಸಿ, ಇದೇ ಕೋಣೆಯಲ್ಲಿ ಹಾಡಿಸಿ ಸೇರಿಸಿದ.

"ಅದಕ್ಕೆ ನಾನು ಏನೂ ಅನ್ನಲ್ಲ" ಎಂದಳು ಅವಳು. "ಶ್ರುತಿ ಇಳಿದಿದ್ರೆ ಇಳಿದಿದೆ. ಅಪ್ಪಂಗೆ ಹೇಳ್ಬಹುದಿತ್ತು."

"ಹೇಗೆ ಹೇಳೋದೇ? ಅಷ್ಟೊತ್ತಿಗೆ ಬೀದಿಯೋರಿಗೆಲ್ಲ ಹೇಳ್ಕೊಂಡು ಬಂದಿದ್ರು."

"ಮತ್ತೆ ಸಾದಾ ಪದರದಲ್ಲಿ? ಅದರಲ್ಲೂ ಆ ಸ್ವರ ಇದೆಯಲ್ಲ, ಗೊಣಗಿದ ಹಾಗೆ?"

"ಅದನ್ನ ನಾನೇ ತಗ್ಗಿಸಿದ್ದು. ಯಾರದ್ದು ಅಂತ ಗೊತ್ತಾಗದಷ್ಟು."

ಮೇಷ್ಟ್ರಿಗೂ ಅದು ತಟ್ಟಿತು. ಅವರು ಬಾಗಿಲ ಹತ್ತಿರ ನಿಂತಲ್ಲೇ ಕನ್ನಡಕ ತೆಗೆದು ಒರೆಸತೊಡಗಿದರು. ಅವಳ ತಲೆಯಲ್ಲಿ ಇಷ್ಟು ವರ್ಷದ ಫೋನ್ ಮಾತುಗಳು ಒಂದರ ಹಿಂದೊಂದು ಬಂದು ನಿಂತವು. ಆ ಮಾಡೆಲ್ ಬೇಡ. ತಡ್ಕೋ. ಮುಂದಿನ ವರ್ಷ. ಒಂದೊಂದಕ್ಕೂ ಅವನು ಕಾರಣ ಹುಡುಕಿದ್ದ, ಪ್ರತಿಯೊಂದು ಕಾರಣವೂ ಅರ್ಧ ನಿಜವಾಗಿತ್ತು. ಕೆಟ್ಟ ಪ್ಲೇಯರುಗಳ ತಪ್ಪನ್ನೆಲ್ಲ ಆರಿಸಿ ಆರಿಸಿ ಹೇಳಿದ್ದ, ಒಳ್ಳೆಯದು ಎಲ್ಲಿ ಸಿಗುತ್ತದೆ ಎಂದು ಮಾತ್ರ ಒಮ್ಮೆಯೂ ಹೇಳಿರಲಿಲ್ಲ.

"ಅಪ್ಪ ಎರಡು ವರ್ಷ ಕಾದ್ರು ಅಣ್ಣಾ. ಉಬ್ಬಸ ಬಂದು ಆಸ್ಪತ್ರೆಲಿ ಮಲಗಿದ್ದಾಗಲೂ ನಿನ್ನ ನೋಡಿ, 'ಪ್ಲೇಯರ್ ಬಂತಾ ಮಗಾ' ಅಂತ ಕೇಳಿದ್ರು. ನೀನು ಅವರ ಕಾಲು ಒತ್ತಾ ಕೂತಿದ್ದೆ. 'ಇನ್ನೇನು ಬರುತ್ತಪ್ಪ' ಅಂದೆ. ನಾನು ಅಲ್ಲೇ ಇದ್ದೆ. ನೋಡು, ಎಂಥಾ ಮಗ ಅಂದ್ಕೊಂಡೆ."

ಅವಳು ಹೊರಡಲು ತಿರುಗುವ ಹೊತ್ತಿಗೆ ಅಣ್ಣ, "ಅಪ್ಪ ಹಾಡಿದ್ದು ನನ್ನ ಹತ್ರ ಇದೆ" ಎಂದ.

ಅವಳು ನಿಂತಳು.

"ಐದು ಸಲ ಹಾಡಿದ್ದೂ ಇದೆ. ಅಳಿಸೋಕೆ ಮನಸ್ಸು ಬರಲಿಲ್ಲ. ಆಗಾಗ ಹಾಕ್ಕೊಂಡು ಕೇಳ್ತೀನಿ. ಪುಟ್ಟಿ, ಒಂದು ವಾರ ಕೊಡು. ಅಪ್ಪನ ಸ್ವರ ಸೇರಿಸಿ ಹೊಸ ಡಿಸ್ಕ್ ಮಾಡಿ ಕೊಡ್ತೀನಿ. ಹಿಂದಿನ ಸ್ಪೀಕರಲ್ಲಿ ಅಪ್ಪನೇ ಇರ್ತಾರೆ. ನೀನು ಆ ಪ್ಲೇಯರ್ ತಗೋ."

ಮನೆಗೆ ಹಿಂತಿರುಗುವ ದಾರಿಯುದ್ದಕ್ಕೂ ಅವಳೊಳಗೆ ಕುದಿಯುತ್ತಿದ್ದದ್ದು ಇದೇ. ಇವನ ಹತ್ತಿರ ಇತ್ತು. ಇಷ್ಟು ವರ್ಷ ಇವನು ಬಾಗಿಲು ಹಾಕಿಕೊಂಡು ಅಪ್ಪನನ್ನು ಒಬ್ಬನೇ ಕೇಳಿಸಿಕೊಂಡಿದ್ದಾನೆ. ಅವಳು ಮಾತ್ರ ಪ್ಲೇಯರುಗಳ ಚಿತ್ರಪಟ್ಟಿ ತಿರುವುತ್ತ ಕೂತಿದ್ದಳು. "ಕೊಟ್ಟಿದ್ರೆ ಡಿಸ್ಕಲ್ಲಿ ಇಲ್ಲ ಅನ್ನೋದು ಹೊರಗೆ ಬೀಳ್ತಿತ್ತಲ್ಲ, ಅದಕ್ಕೇ ಕೊಟ್ಟಿಲ್ಲ" ಎಂದರು ಮೇಷ್ಟ್ರು ಲೆಕ್ಕ ಬಿಡಿಸಿದ ಹಾಗೆ. "ನನಗೂ ಗೊತ್ತಾಯ್ತು ರೀ. ಬಿಡಿಸಿ ಹೇಳ್ಬೇಡಿ" ಎಂದಳು ಅವಳು.

ಆದರೂ ಪ್ಲೇಯರ್ ಕೊಂಡಳು. ಅಣ್ಣ ಹೇಳಿದನೆಂದಲ್ಲ. ಆ ಕೋಣೆಯಲ್ಲಿ ಬೆನ್ನ ಹಿಂದೆ ಹಾಲ್ ಎದ್ದು ನಿಂತದ್ದು ಮಾತ್ರ ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಯಜಮಾನರೇ ಬಂದು, ಹಿಂದಿನ ಸ್ಪೀಕರುಗಳನ್ನು ಕೂತವರ ಕಿವಿಗಿಂತ ಸ್ವಲ್ಪ ಎತ್ತರಕ್ಕೆ ಸಿಕ್ಕಿಸಿ, ದೂರವನ್ನು ಟೇಪಿನಲ್ಲಿ ಅಳೆದು, ಸೋಫಾವನ್ನು ಗೋಡೆಯಿಂದ ಎರಡಡಿ ಮುಂದೆ ಎಳೆಸಿದರು. ಏನಾಯಿತೆಂದು ಕೇಳಲಿಲ್ಲ. ಹೋಗುವಾಗ ಮಾತ್ರ, "ಹದಿನಾರು ವರ್ಷ ಮುಂಚೇನೇ ಒಂದ್ಸಲ ನಮ್ಮ ಅಂಗಡಿ ಮುಂದೆ ಹಾದು ಹೋಗಿದ್ರೆ ಆಗ್ತಿತ್ತು ಮೇಡಂ" ಎಂದರು.

ಮುಂದಿನ ಭಾನುವಾರ ಬೆಳಿಗ್ಗೆ ಅಣ್ಣ ಬಂದ. ಮುಖ ಕ್ಷೌರ ಮಾಡಿ, ಇಸ್ತ್ರಿ ಅಂಗಿ ಹಾಕಿ, ಸಂಬಂಧ ಕೇಳಲು ಬಂದವನ ಹಾಗೆ ಬಂದಿದ್ದ. ಅವಳು ಅವನಿಗೆ ಸರಿಯಾದ ಜಾಗದಲ್ಲಿ ಕೂರಲು ಹೇಳಿದಳು. ಅವನು "ನೀನು ಕೂತ್ಕೋ" ಎಂದ. ಕೊನೆಗೆ ಇಬ್ಬರೂ ಒತ್ತಿಕೊಂಡು ಕೂತರು, ಚಿಕ್ಕವರಿದ್ದಾಗ ಬಾಲ್ಕನಿಯ ಹಲಗೆಯ ಮೇಲೆ ಕೂರುತ್ತಿದ್ದ ಹಾಗೆ. ಮೇಷ್ಟ್ರು ಡಿಸ್ಕ್ ಹಾಕಿ ಅಡುಗೆಮನೆಯ ಬಾಗಿಲಲ್ಲಿ ನಿಂತರು.

ಅವನು ನೇರವಾಗಿ ಆ ಭಾಗವನ್ನೇ ಮೊದಲಿಗೆ ಇಟ್ಟಿದ್ದ. ಎಪ್ಪತ್ತು ಜನ ಕೇಳಿದರು. ಹಿಂದಿನಿಂದ ಅಪ್ಪ ಹೇಳಿದರು, "ನಾನಿದ್ದೇನೆ."

ಅಪ್ಪನದೇ. ಗಂಟಲಿನ ಆ ಒರಟು, ಆ ಆತುರ ಅಪ್ಪನದೇ. ಪಕ್ಕದಲ್ಲಿ ಅಣ್ಣನ ಭುಜ ಅಲುಗಾಡುತ್ತಿತ್ತು, ಅವನು ಅಳುತ್ತಿದ್ದ. ಅವಳೂ ಅಳುವುದರಲ್ಲಿದ್ದಳು. ಅಷ್ಟರಲ್ಲಿ ಅಪ್ಪ, "ಸುಖವಾಗಿ ನಿದ್ರಿಸಿ" ಎಂದರು. ಸ್ವರ ಎಲ್ಲಿ ನಿಲ್ಲಬೇಕೋ ಅಲ್ಲೇ ಬಂದು ನಿಂತಿತು, ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. "ಸು" ಸ್ವಚ್ಛವಾಗಿತ್ತು.

ಅವಳು ರಿಮೋಟ್ ಒತ್ತಿ ನಿಲ್ಲಿಸಿದಳು. "ಇದನ್ನೂ ತಿದ್ದಿದೀಯಾ?"

"ಸ್ವಲ್ಪ." ಅವನು ಕಣ್ಣೊರೆಸಿಕೊಂಡ. "ಶ್ರುತಿ ಒಂಚೂರು ಮೇಲೆ ತಂದೆ. ಆ ಹಲ್ಲಿನ ಸದ್ದು ತೆಗೆದೆ. ಈಗ ಅದಕ್ಕೆಲ್ಲ ಒಳ್ಳೊಳ್ಳೆ ಸಾಫ್ಟ್‌ವೇರ್ ಬಂದಿದೆ. ಅಪ್ಪ ಚೆನ್ನಾಗಿ ಕೇಳಿಸ್ಲಿ ಅಂತ ಕಣೇ. ಏಳು ದಿನ ಕೂತಿದೀನಿ ಇದರ ಮೇಲೆ."

ಅವನು ಅದನ್ನು ಹೆಮ್ಮೆಯಿಂದಲೇ ಹೇಳಿದ. ಅದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ಮೋಸ ಮಾಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿಯೇ ಇರಲಿಲ್ಲ. ಅಪ್ಪನನ್ನು ಅವನು ಪ್ರೀತಿಸುತ್ತಿದ್ದ, ಸಂಶಯವಿಲ್ಲ. ಆದರೆ ಇದ್ದ ಹಾಗೆ ಒಂದು ದಿನವೂ ಒಪ್ಪಿರಲಿಲ್ಲ.

"ಅಣ್ಣಾ, ನಂಗೆ ನೀನು ಮುಟ್ಟದೇ ಇರೋದು ಬೇಕು."

"ಅದು ಅಷ್ಟು ಚೆನ್ನಾಗಿಲ್ಲ ಪುಟ್ಟಿ. ನಿಜವಾಗ್ಲೂ."

"ಚೆನ್ನಾಗಿದೆಯೋ ಇಲ್ವೋ ನಾನೇ ಹೇಳ್ತೀನಿ. ಕೊಡು."

ಅವನು ಜೇಬಿನಿಂದ ಹೆಬ್ಬೆರಳಷ್ಟು ಉದ್ದದ ಪೆನ್‌ಡ್ರೈವ್ ತೆಗೆದು ಟೀಪಾಯಿಯ ಮೇಲಿಟ್ಟ. ತಂದೇ ಇದ್ದ, ಕೊಡುವುದೋ ಬೇಡವೋ ಎಂದು ತೀರ್ಮಾನಿಸದೆ. "ಕ್ಷಮಿಸ್ತೀಯಾ?" ಎಂದ.

"ಅದನ್ನ ಅಪ್ಪನ ಹತ್ರ ಕೇಳ್ಬೇಕಿತ್ತು ನೀನು. ನಂಗೆ ಈಗ್ಲೇ ಏನೂ ಹೇಳೋಕೆ ಬರ್ತಿಲ್ಲ. ತಿಂಡಿ ತಿನ್ಕೊಂಡು ಹೋಗು."

ಅವನು ತಿಂಡಿ ತಿನ್ನಲಿಲ್ಲ. ಮೇಷ್ಟ್ರು ಗೇಟಿನವರೆಗೆ ಹೋಗಿ ಬೀಳ್ಕೊಟ್ಟು ಬಂದರು.

ಆ ಮಧ್ಯಾಹ್ನ ಅವಳು ಪೆನ್‌ಡ್ರೈವನ್ನು ಪ್ಲೇಯರಿಗೇ ಸಿಕ್ಕಿಸಿ ಕೇಳಿದಳು. ಐದು ಸಲವೂ ಕೇಳಿದಳು. ಅಪ್ಪ ನಿಜಕ್ಕೂ ಶ್ರುತಿ ಬಿಟ್ಟಿದ್ದರು. ಮೂರನೇ ಸಲ ಕೆಮ್ಮಿದ್ದರು. ನಾಲ್ಕನೇ ಸಲ ಸಾಲೇ ಮರೆತು "ತಪ್ಪಾಯ್ತು, ತಪ್ಪಾಯ್ತು" ಎಂದು ಎಪ್ಪತ್ತು ಜನರ ಕ್ಷಮೆ ಕೇಳಿದ್ದರು. ಐದನೆಯದು ಮುಗಿದ ಮೇಲೆ ಬಾಲ್ಕನಿಯಿಂದ ಅವರು ಕೂಗಿ ಕೇಳಿದ್ದೂ ದಾಖಲಾಗಿತ್ತು: "ಸರಿ ಬಂತಾ ಮಗಾ?" ಸ್ವಲ್ಪ ಹೊತ್ತು ಬರೀ ಹಾಲಿನ ಮೌನ. ಆಮೇಲೆ ಮೈಕಿನಲ್ಲಿ ಅಣ್ಣನ ಎಳೆಯ ಸ್ವರ: "ತುಂಬಾ ಚೆನ್ನಾಗಿ ಬಂತಪ್ಪಾ." ಅಪ್ಪ ನಕ್ಕಿದ್ದರು.

ಮೇಷ್ಟ್ರು ಮೊದಲ ಸಲ ಒಂದು ಹಾಡನ್ನು ಪೂರ್ತಿ ಕೇಳಿ, "ನಿಮ್ಮಪ್ಪ ಕೆಟ್ಟದಾಗೇನೂ ಹಾಡಿಲ್ಲ" ಎಂದರು.

"ಕೆಟ್ಟದಾಗೇ ಹಾಡಿದಾರೆ ರೀ. ಪರವಾಗಿಲ್ಲ."

ನಾಲ್ಕು ತಿಂಗಳು ಅವಳು ಅಣ್ಣನಿಗೆ ಫೋನ್ ಮಾಡಲಿಲ್ಲ. ಅವನು ಮಾಡಿದಾಗ ಎತ್ತಿ, ಚೆನ್ನಾಗಿದ್ದೀಯಾ, ಅತ್ತಿಗೆ ಹೇಗಿದ್ದಾರೆ ಎಂದಷ್ಟು ಮಾತಾಡಿ ಇಟ್ಟಳು. ಅತ್ತಿಗೆಯ ಮಂಡಿ ಆಪರೇಷನ್ ತನ್ನ ಆಸ್ಪತ್ರೆಯಲ್ಲೇ ಆದಾಗ ದಿನಾ ಹೋಗಿ ಬಂದಳು, ಮೂರನೇ ಮಹಡಿಯಿಂದ ಇಳಿದು ಅವರಿಗೆ ಊಟ ಬಡಿಸಿದಳು, ಅಣ್ಣನಿಗೂ ಬಡಿಸಿದಳು. ಒಂದು ದಿನ ಅವನು ತಟ್ಟೆ ಮುಂದೆ ಕೂತು, ನಿಮ್ಮ ಮನೆಯ ಫ್ರಿಜ್ ಹಳೇದಾಯ್ತಲ್ಲ, ನನಗೆ ಗೊತ್ತಿರೋರ ಅಂಗಡಿ ಇದೆ, ಒಳ್ಳೇ ಮಾಡೆಲ್ ಒಂದಿದೆ, ಹೇಳಲೇನು ಎಂದ.

"ಬೇಡ ಅಣ್ಣಾ" ಎಂದಳು ಅವಳು, ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕುತ್ತ. "ನಾವೇ ಹೋಗಿ ನೋಡ್ಕೊಂಡು ಬರ್ತೀವಿ."